ಏಣಿ ಹಿಡಿದವಳು

ಹೊಸ ಆಟದ ಡಬ್ಬಿಗೆ ಜಾಗ ಮಾಡೋಣ ಅಂತ ಮೊನ್ನೆ ಭಾನುವಾರ ಶೋಕೇಸಿನ ಕೆಳಗಿನ ಅರೆಯನ್ನ ಖಾಲಿ ಮಾಡುತ್ತಿದ್ದೆ. ಹಿಂದುಗಡೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಟಿವಿ ಗೇಮಿನ ರಿಮೋಟು ಸಿಕ್ಕಿತು. ಅದರ ಕೆಂಪು ಗುಂಡಿಯ ಸುತ್ತ ಕಪ್ಪು ಟೇಪಿನ ಗೋಂದು ಇನ್ನೂ ಅಂಟಂಟಾಗಿತ್ತು. ಮೂಗಿನ ಹತ್ತಿರ ಹಿಡಿದೆ. ನಮ್ಮ ಫ್ಯಾಕ್ಟರಿಯ ವೈರಿಂಗ್ ಲೈನಿನ ವಾಸನೆ. ದಿನಾ ಮೈಗೆ ಮೆತ್ತಿಕೊಂಡು ಬರುವ ವಾಸನೆಯೇ. ಆದರೂ ಆ ರಿಮೋಟಿನಿಂದ ಬಂದಾಗ ಪಕ್ಕದ ಮನೆ ಅಕ್ಕ ನೆನಪಾದಳು...

ನಮ್ಮ ಮನೆಗೆ ಬಂದವರು ಶೋಕೇಸ್ ನೋಡಿ ಮೊದಲು ಕೇಳೋದು "ಮಗಂದಾ ಇವೆಲ್ಲ?" ಅಂತ. ನನಗೆ ಮಗ ಇಲ್ಲ. ಇರೋಳು ಒಬ್ಬಳೇ ಮಗಳು, ಅವಳಿಗೆ ಇವನ್ನ ಕಂಡರೆ ಆಗಲ್ಲ. "ನಂದು" ಅಂದರೆ ನಗುತ್ತಾರೆ. ನಗಲಿ ಬಿಡಿ. ಹೊಸೂರಿನ ಮೂಕಂಡಪಲ್ಲಿಯಲ್ಲಿ ನಮ್ಮ ಬೀದಿಯ ಬೇರೆ ಮನೆಗಳಲ್ಲಿ ಆಯುಧಪೂಜೆಗೆ ಕಂಪನಿಯವರು ಕೊಟ್ಟ ಸ್ಟೀಲ್ ಡಬ್ಬಿ, ಗಾಜಿನ ಲೋಟ ಜೋಡಿಸಿ ಇಟ್ಟಿರುತ್ತಾರೆ, ಅವನ್ನ ಒಬ್ಬರೂ ಮುಟ್ಟಲ್ಲ. ನನ್ನವನ್ನ ನಾನಾದರೂ ಆಡುತ್ತೀನಿ. ಹಳದಿಗೆ ತಿರುಗಿದ ಕ್ಯಾಸೆಟ್ಟುಗಳು, ಗೀರು ಬಿದ್ದ ಡಿಸ್ಕುಗಳು, ಗುಜರಿಯವನ ಹತ್ತಿರ ಸಿಕ್ಕ, ಕೈಯಲ್ಲಿ ಹಿಡಿದು ಆಡುವ ಒಂದು ಸಣ್ಣ ಮಿಷನ್ನು. ಅದಕ್ಕೆ ಬ್ಯಾಟರಿ ಮುಚ್ಚಳ ಇಲ್ಲ, ರಬ್ಬರ್ ಬ್ಯಾಂಡ್ ಹಾಕಿದ್ದೀನಿ.

ಮುಂದೆ ಬರುವ ಆಟಗಳ ಬಗ್ಗೆ ಕೇಳಿದರೆ ಈಗ ಅಂಥ ಉತ್ಸಾಹ ಏನಿಲ್ಲ. ಕಂಪನಿ ಬಸ್ಸಿನಲ್ಲಿ ಕೂತಾಗ ಫೋನಿನಲ್ಲಿ ಟ್ರೈಲರ್ ನೋಡುತ್ತೀನಿ, ಅಷ್ಟೆ. ಒಂದು ಬೇಸಾಯದ ಆಟ ಬರುತ್ತದಂತೆ. ಉಳಬೇಕು, ನೀರು ಹಾಯಿಸಬೇಕು, ಟೊಮೇಟೊ ಕಿತ್ತು ಮಾರಬೇಕು. ಅದಕ್ಕೆ ನಾವೇ ದುಡ್ಡು ಕೊಡಬೇಕು. ಕೆಲಮಂಗಲದ ಹತ್ತಿರ ಟೊಮೇಟೊ ಬೆಳೆಯುವ ನಮ್ಮಪ್ಪನಿಗೆ ಹೇಳಿದೆ. "ಬಾ, ನಮ್ಮೊಲ್ದಾಗೇ ಆಡ್ಕೊ, ಬಿಟ್ಟಿ" ಅಂದ. ಇನ್ನೊಂದು ದೊಡ್ಡ ಆಟವನ್ನ ಈ ವರ್ಷ, ಮುಂದಿನ ವರ್ಷ ಅಂತ ತಳ್ಳಿಕೊಂಡೇ ಬಂದಿದ್ದಾರೆ. ಬಂದಾಗ ನೋಡೋಣ. ಈಗ ಡಬ್ಬಿ ಬಿಚ್ಚಿದರೆ ಒಳಗೆ ಡಿಸ್ಕೂ ಇರಲ್ಲ, ಒಂದು ಚೀಟಿ ಇರುತ್ತದೆ, ಅದರ ಮೇಲಿನ ನಂಬರ್ ಹೊಡೆದು ಆಟ ಇಳಿಸಿಕೊಳ್ಳಬೇಕು. ಚೀಲ ಇದೆ, ರಾಗಿ ಇಲ್ಲ. ಇಂಥವನ್ನ ಜೋಡಿಸಿಟ್ಟು ಏನು ಬಂತು?

ಈ ಸಲ ಮಾತ್ರ ಒಂದನ್ನ ಬರುವ ಮುಂಚೆಯೇ ಬುಕ್ ಮಾಡಿದ್ದೆ. ಒಂದು ಹಳೇ ಆಟಕ್ಕೆ ಹೊಸದಾಗಿ ಬಣ್ಣ ಬಳಿದು, ಇಂಗ್ಲಿಷ್ ಹಾಕಿ, ಮತ್ತೆ ತರುತ್ತಿದ್ದಾರೆ ಅಂತ ಬಸ್ಸಿನಲ್ಲೇ ಗೊತ್ತಾಯಿತು. ಟ್ರೈಲರಿನಲ್ಲಿ ಎರಡು ಗೊಂಬೆ, ಒಂದು ಏಣಿ. ಅದರ ನಿಜವಾದ ಹೆಸರು ಅವತ್ತೇ ನನಗೆ ತಿಳಿದದ್ದು. ನಾವು ಅದನ್ನ ಏಣಿ ಆಟ ಅನ್ನುತ್ತಿದ್ದೆವು. ನಾವು ಅಂದರೆ ನಾನು, ಅಕ್ಕ.

ಆಗ ನನಗೆ ಮದುವೆಯಾಗಿರಲಿಲ್ಲ. ಊರಿಂದ ಬಂದು ಇಲ್ಲೇ ಒಂದು ಲೈನ್ ಮನೆಯಲ್ಲಿ ಬಾಡಿಗೆಗಿದ್ದೆ. ಸಾಲಾಗಿ ಒಂದೊಂದು ರೂಮು, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಆ ಕಡೆ ತಮಿಳು, ಈ ಕಡೆ ತೆಲುಗು, ಪಕ್ಕದ ರೂಮಿನಲ್ಲಿ ಅಕ್ಕ. ಅವಳೂ ಕೆಲಮಂಗಲದ ಕಡೆಯವಳು. ನನ್ನ ಮಾತು ಕೇಳಿದ ಮೊದಲ ದಿನವೇ "ನಮ್ ಕಡೆಯೋಳು ಕಣಮ್ಮಿ ನೀನು" ಅಂತ ಒಂದು ಬಟ್ಟಲು ಹುರುಳಿಕಾಳು ಸಾರು ತಂದುಕೊಟ್ಟಳು. ನನಗಿಂತ ಬಹಳ ದೊಡ್ಡವಳು. ಗಂಡ ಅನ್ನೋನು ಕೃಷ್ಣಗಿರಿಯಲ್ಲಿ ಇನ್ನೊಂದು ಮನೆ ಮಾಡಿಕೊಂಡಿದ್ದ. ಊರಲ್ಲಿ ತಾಯಿ ಇದ್ದಳು, ಆ ಮನೆ ನಡೆಯುತ್ತಿದ್ದುದು ಅಕ್ಕನ ಸಂಬಳದಿಂದ. ಗಂಡನ ವಿಚಾರ ಬಂದರೆ "ಓದೋನ್ ಓದ, ನಲ್ಲಿಯಾಗ್ ನೀರ್ ಬಂತಾ ನೋಡು" ಅನ್ನುತ್ತಿದ್ದಳು.

ಟಿವಿ ಗೇಮು ಅವಳದು. ತಮ್ಮನ ಮಗುವಿಗೆ ಕೊಡೋಣ ಅಂತ ಹೊಸೂರು ಬಜಾರಿನಲ್ಲಿ ತಂದಿದ್ದಳು. ಕೊಡುವ ಮುಂಚೆ ಓಡುತ್ತದೋ ಇಲ್ಲವೋ ನೋಡೋಣ ಅಂತ ಟಿವಿಗೆ ಸಿಕ್ಕಿಸಿದಳು. ಆಮೇಲೆ ಅದು ಟಿವಿ ಬಿಟ್ಟು ಕದಲಲೇ ಇಲ್ಲ. ಮಗುವಿಗೆ ಒಂದು ಬಟ್ಟೆ ತೆಗೆದುಕೊಟ್ಟು ಸುಮ್ಮನಾದಳು.

ಆಟದಲ್ಲಿ ಒಂದು ಎತ್ತರದ ಗೋಪುರ. ಇಬ್ಬರು ಕೂಲಿಯವರು, ಇಬ್ಬರಿಗೂ ಸೇರಿ ಒಂದು ಏಣಿ. ಒಬ್ಬರು ಕೆಳಗೆ ಗುಂಡಿ ಒತ್ತಿ ಏಣಿ ಹಿಡಿದುಕೊಂಡಿರಬೇಕು, ಇನ್ನೊಬ್ಬರು ಹತ್ತಬೇಕು. ಹತ್ತಿದವರು ಮೇಲಿಂದ ಹಗ್ಗ ಬಿಟ್ಟು ಕೆಳಗಿನವರನ್ನ ಎಳೆದುಕೊಳ್ಳಬೇಕು. ಹೀಗೇ ಒಂದೊಂದೇ ಅಂತಸ್ತು. ಹಿಡಿದವರ ಹೆಬ್ಬೆರಳು ಗುಂಡಿಯಿಂದ ಒಂಚೂರು ಎದ್ದರೆ ಏಣಿ ಜಾರಿ, ಹತ್ತುತ್ತಿರೋನು ತಳಕ್ಕೆ ಬೀಳುತ್ತಾನೆ. ಆಟವನ್ನ ಅಲ್ಲಿಗೇ ಉಳಿಸಿಕೊಳ್ಳುವ ಏರ್ಪಾಟು ಅದರಲ್ಲಿರಲಿಲ್ಲ. ಬಿದ್ದರೂ ಅಷ್ಟೆ, ಕರೆಂಟು ಹೋದರೂ ಅಷ್ಟೆ, ಮತ್ತೆ ಒಂದನೇ ಅಂತಸ್ತಿನಿಂದ. ಅಕ್ಕ ಯಾವಾಗಲೂ ಕೆಳಗಿನವಳು. "ನಾನ್ ಇಡ್ಕೊಂಡಿರ್ತೀನಿ, ನೀ ಅತ್ತು" ಅನ್ನುವಳು.

ಭಾನುವಾರ ಬಿಟ್ಟರೆ ನಾವಿಬ್ಬರೂ ಒಟ್ಟಿಗೆ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಬೈಕಿಗೆ ಹಾಕುವ ವೈರಿನ ಕಟ್ಟು ತಯಾರಿಸುವ ಫ್ಯಾಕ್ಟರಿ ನಮ್ಮದು. ಇಬ್ಬರೂ ಕಾಂಟ್ರಾಕ್ಟ್ ಮೇಲೆ ಇದ್ದವರು. ಅವಳು ಮೊದಲನೇ ಶಿಫ್ಟಾದರೆ ನಾನು ಎರಡನೇದು, ವಾರ ತಿರುಗಿದರೆ ಅದಲುಬದಲು. ಒಂದೇ ಕುರ್ಚಿ, ವೈರು ಜೋಡಿಸುವ ಒಂದೇ ಬೋರ್ಡು. ಅವಳು ಎದ್ದ ಜಾಗದಲ್ಲಿ ನಾನು ಕೂರಬೇಕು, ನಾನು ಎದ್ದ ಜಾಗದಲ್ಲಿ ಅವಳು. ವಾರವೆಲ್ಲ ಮುಖ ಕಾಣುತ್ತಿದ್ದುದು ಶಿಫ್ಟ್ ಬದಲಾಗುವ ಆ ಒಂದು ಗಳಿಗೆ ಮಾತ್ರ. ಆಗ ಅಕ್ಕ ಕುರ್ಚಿ ಬಿಡುತ್ತಾ "ಬೆಚ್ಚಗ್ ಮಾಡಿಕ್ಕಿವ್ನಿ, ಕುಂತ್ಕೊ" ಅಂತ ತಮಾಷೆ ಮಾಡುತ್ತಿದ್ದಳು.

ಯಾವುದೋ ಒಂದು ಭಾನುವಾರದಿಂದ ನನ್ನ ಗೊಂಬೆ ಬೀಳೋಕೆ ಶುರುವಾಯಿತು. ಚೆನ್ನಾಗಿ ಹತ್ತುತ್ತಿರುವಾಗಲೇ ಏಣಿ ಜಾರುತ್ತಿತ್ತು. "ರಿಮೋಟು ಸರಿ ಇಲ್ಲ ಕಣಮ್ಮಿ. ಗುಂಡಿ ಓಗ್ಬುಟ್ಟೈತೆ" ಅಂದಳು ಅಕ್ಕ. ಹೊಸ ರಿಮೋಟು ತಂದಳು. ಅದರಲ್ಲೂ ಜಾರಿತು. ನಾನು ಸ್ಕ್ರೂ ಬಿಚ್ಚಿ ಒಳಗೆಲ್ಲ ಒರೆಸಿ ನೋಡಿದೆ. ಕೆಟ್ಟದ್ದು ಏನೂ ಕಾಣಲಿಲ್ಲ. "ಚೆನ್ನಾಗೇ ಐತಲ್ಲಕ್ಕ, ಏನೂ ಓಗಿಲ್ಲ" ಅಂದೆ. ಅಕ್ಕ ಒಲೆ ಹತ್ತಿರ ಎದ್ದು ಹೋದಳು.

ಅವತ್ತೇ ಅವಳ ಬಲಗೈ ಬೆರಳ ಮೇಲೆ ಬೊಬ್ಬೆ ನೋಡಿದೆ. ಕಾದ ಬಾಣಲಿ ಹಿಡಿದಿದ್ದಳು, ಹಿಡಿದದ್ದು ಅವಳಿಗೆ ಗೊತ್ತಾಗಿರಲಿಲ್ಲ. ಕೇಳಿದ್ದಕ್ಕೆ ಹೇಳಿದಳು. ಹೆಬ್ಬೆರಳು, ಪಕ್ಕದ ಎರಡು ಬೆರಳು, ಬಹಳ ದಿನದಿಂದ ಜೋಮು. ಮೊದಮೊದಲು ಬಂದು ಬಂದು ಹೋಗುತ್ತಿತ್ತಂತೆ, ಈಗ ಹೋಗುತ್ತಲೇ ಇಲ್ಲ. ಡಾಕ್ಟರಿಗೆ ತೋರಿಸಿದ್ದಳು. ಇಷ್ಟು ವರ್ಷ ಒಂದೇ ಕೆಲಸ ಮಾಡಿ ಮಣಿಕಟ್ಟಿನ ನರ ಒತ್ತಿಕೊಂಡಿದೆ, ಕೆಲಸ ಬಿಟ್ಟು ಕೈಗೆ ವಿಶ್ರಾಂತಿ ಕೊಡು, ಆಮೇಲೆ ಆಪರೇಷನ್ ಮಾಡೋಣ ಅಂದಿದ್ದರಂತೆ. "ಕೆಲ್ಸ ಬುಟ್ಬುಟ್ಟು ಕೈ ಚೆನ್ನಾಗ್ ಇಟ್ಕೊಂಡು ಏನ್ ಮಾಡ್ಲಿ? ಆರತಿ ಎತ್ಲಾ?" ಅಂದಳು.

ನಮ್ಮ ಕೆಲಸದಲ್ಲಿ ಬೆರಳೇ ಎಲ್ಲ. ವೈರಿನ ತುದಿಯ ಪಿನ್ನನ್ನ ಕನೆಕ್ಟರಿನ ಸಣ್ಣ ತೂತಿಗೆ ತಳ್ಳಬೇಕು. ಸರಿಯಾಗಿ ಕೂತರೆ ಟಕ್ ಅನ್ನುತ್ತದೆ. ಲೈನಿನ ಗದ್ದಲದಲ್ಲಿ ಆ ಟಕ್ ಕಿವಿಗೆ ಕೇಳಲ್ಲ, ಬೆರಳಿಗೇ ಗೊತ್ತಾಗಬೇಕು. ಕೂತಿಲ್ಲದ ಪಿನ್ನು ಹೊರಗಿಂದ ಕೂತ ಹಾಗೇ ಕಾಣುತ್ತದೆ, ಎಳೆದರೆ ಕೈಗೆ ಬರುತ್ತದೆ. ಬೆರಳು ಸತ್ತಿದೆ ಅಂತ ಸೂಪರ್‌ವೈಸರಿಗೆ ತಿಳಿದರೆ ಮಾರನೇ ದಿನ ಗೇಟಿನ ಹೊರಗೆ. ಕಾಂಟ್ರಾಕ್ಟಿನವರಿಗೆ ಬೇರೆ ಕಡೆ ಕೂತು ಮಾಡು ಅಂತ ಯಾರೂ ಹೇಳಲ್ಲ.

ಉಪಾಯ ಅಕ್ಕನದೇ. ನಮ್ಮ ಕುರ್ಚಿಯಲ್ಲಿ ಎರಡು ಕೆಲಸ, ಮೊದಲು ಪಿನ್ನು ಕೂರಿಸೋದು, ಆಮೇಲೆ ವೈರುಗಳನ್ನ ಸೇರಿಸಿ ಟೇಪು ಸುತ್ತೋದು. ಟೇಪಿಗೆ ಬೆರಳ ತುದಿ ಅಷ್ಟು ಬೇಕಿಲ್ಲ, ಅಂಗೈಯಲ್ಲೇ ಸುತ್ತಬಹುದು. "ಪಿನ್ನು ನಿನ್ ಪಾಲು, ಟೇಪು ನನ್ ಪಾಲು" ಅಂದಳು. ನನ್ನ ಶಿಫ್ಟಿನಲ್ಲಿ ನಾನು ಇಬ್ಬರ ಪಿನ್ನೂ ಕೂರಿಸಿ ಟ್ರೇಯಲ್ಲಿ ಬಿಟ್ಟು ಬರುತ್ತಿದ್ದೆ. ಅವಳು ತನ್ನ ಶಿಫ್ಟಿನಲ್ಲಿ ಇಬ್ಬರ ಟೇಪೂ ಸುತ್ತಿಡುತ್ತಿದ್ದಳು. ಒಂದೇ ಕೆಲಸ ಒಂದೇ ಸಮನೆ ಮಾಡಿದರೆ ಕೈ ಓಡುತ್ತದೆ ನೋಡಿ, ಎರಡು ಶಿಫ್ಟಿನ ಲೆಕ್ಕವೂ ಮೇಲೆ ಹೋಯಿತು. ಒಂದು ಪೀಸೂ ವಾಪಸ್ ಬರಲಿಲ್ಲ. ನಮ್ಮ ಕುರ್ಚಿಯ ಹೆಸರು ಮೀಟಿಂಗಿನಲ್ಲಿ ಬಂತು. ನಾವು ಭಾನುವಾರ ಕೂತು ನಕ್ಕಿದ್ದೇ ನಕ್ಕಿದ್ದು.

ಅದೇ ಮುಳುವಾಯಿತು. ವೈರು ಕೊಳ್ಳುವ ಕಂಪನಿಯವರು ಫ್ಯಾಕ್ಟರಿ ನೋಡಲು ಬಂದರು. ಒಳ್ಳೇ ಕೆಲಸದವರು ಒಬ್ಬರು ಮಾಡಿ ತೋರಿಸಲಿ ಅಂದರಂತೆ. ಸೂಪರ್‌ವೈಸರ್ ಧರ್ಮಪುರಿ ಕಡೆಯ ತಮಿಳಿನವನು, ಕೆಟ್ಟವನಲ್ಲ, ಅಕ್ಕನ ಮೇಲೆ ಗೌರವ ಇತ್ತು. ಸೀದಾ ನಮ್ಮ ಕುರ್ಚಿಯ ಹತ್ತಿರ ಬಂದು "ಅಕ್ಕಾ, ನೀಂಗಳೇ ಸೆಂಜು ಕಾಟ್ಟುಂಗ" ಅಂದ, ನೀವೇ ಮಾಡಿ ತೋರಿಸಿ ಅಂತ. ಶಿಫ್ಟ್ ಬದಲಾಗುವ ಹೊತ್ತು. ಅಕ್ಕ ಕುರ್ಚಿ ಬಿಡಲಿ ಅಂತ ನಾನು ಹಿಂದೆ ನಿಂತಿದ್ದೆ. ಟ್ರೇಯಲ್ಲಿ ನಾನು ಹಿಂದಿನ ದಿನ ಪಿನ್ನು ಕೂರಿಸಿಟ್ಟದ್ದು ಇನ್ನೂ ಇತ್ತು. ಅವನು ಅದನ್ನ ಪಕ್ಕಕ್ಕೆ ಸರಿಸಿ, ಮೊದಲಿಂದ ಮಾಡಲಿ ಅಂತ ಹೊಸ ವೈರು, ಖಾಲಿ ಕನೆಕ್ಟರು ಅವಳ ಮುಂದೆ ಇಟ್ಟ.

ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಪಿನ್ನು ತಳ್ಳಿದಳು, ಒಂದಾದ ಮೇಲೆ ಒಂದು. ಕೈ ಚೆನ್ನಾಗೇ ಓಡಿತು, ನೋಡಿದವರು ತಲೆದೂಗಿದರು. ಬಂದವರಲ್ಲಿ ಒಬ್ಬ ಕನೆಕ್ಟರ್ ಕೈಗೆ ತಗೊಂಡು ಒಂದು ವೈರು ಮೆಲ್ಲಗೆ ಎಳೆದ. ಬಂತು. ಇನ್ನೊಂದು ಎಳೆದ. ಅದೂ ಬಂತು... ಯಾರೂ ಬೈಯಲಿಲ್ಲ. ಅವರು ಮುಂದಿನ ಲೈನಿಗೆ ಹೋದರು. ಸೂಪರ್‌ವೈಸರ್ ಅಲ್ಲೇ ನಿಂತು ಅವಳ ಕೈಯನ್ನೇ ನೋಡುತ್ತಿದ್ದ. ಅಕ್ಕ ಎದ್ದಳು, ನಾನು ಕೂತೆ. ಕುರ್ಚಿ ಬೆಚ್ಚಗಿತ್ತು. ಏನನ್ನಿಸಿತು ಅಂತ ಕೇಳಿದರೆ, ಏನೂ ಅನ್ನಿಸಲಿಲ್ಲ. ಪಿನ್ನು ತಗೊಂಡೆ, ತಳ್ಳಿದೆ, ಟಕ್ ಅಂತು. ಶಿಫ್ಟ್ ಮುಗಿಯುವವರೆಗೂ ಅದನ್ನೇ ಮಾಡಿದೆ.

ಆ ವಾರ ಮುಗಿಯುವಷ್ಟರಲ್ಲಿ ಕಾಂಟ್ರಾಕ್ಟರ್ ಅವಳನ್ನ ಬರಬೇಡ ಅಂದ.

ಭಾನುವಾರ ಅಕ್ಕ ತಲೆಗೆ ನೀರು ಹಾಕಿಕೊಂಡು, ಕೂದಲು ಒದ್ದೆ ಇರುವಾಗಲೇ ಬಂದು ಬಾಗಿಲು ತಟ್ಟಿದಳು. "ಬಾ, ಇವತ್ತು ಮೇಲಕ್ ಓಗ್ಬುಡಾನ." ಅವಳ ರೂಮಿನಲ್ಲಿ ಆಗಲೇ ಗಂಟು ಕಟ್ಟಿಟ್ಟಿದ್ದಳು. ಟಿವಿ ಮಾತ್ರ ಬಿಚ್ಚಿರಲಿಲ್ಲ. ಎಂದೂ ತುದಿ ಮುಟ್ಟದ ಆಟ ಅದು, ಹೇಗೆ ಹೋಗೋದು ಅಂತ ನಾನು ಕೇಳುವ ಮೊದಲೇ ಸೀರೆಯ ಸೆರಗಿನಿಂದ ಒಂದು ಕಪ್ಪು ಟೇಪಿನ ಸುರುಳಿ ತೆಗೆದಳು. ಲೈನಿನ ಟೇಪು. ಗುಂಡಿ ಒತ್ತಿಹಿಡಿದು, ಅದರ ಮೇಲೆ ಅಂಗೈಯಲ್ಲೇ ಸುತ್ತಿದಳು, ಬಿಗಿಯಾಗಿ, ಒಂದು ಸುಕ್ಕೂ ಇಲ್ಲದ ಹಾಗೆ. ಇನ್ನು ಏಣಿ ಜಾರುವ ಹಾಗೇ ಇಲ್ಲ. "ಆದ್ರೆ ನೀನ್ ಮೇಲಕ್ ಬರಕ್ಕಾಗಲ್ಲಲ್ಲಕ್ಕ" ಅಂದೆ. ಏಣಿ ಹಿಡಿದೇ ಇದ್ದರೆ ಅವಳ ಗೊಂಬೆ ಹಗ್ಗ ಹಿಡಿಯೋದು ಹೇಗೆ? "ನಾನ್ಯಾಕಮ್ಮಿ? ಯಾರಾನ ಒಬ್ರು ನೋಡ್ಕಂಡ್ ಬಂದು ಯೋಳಿದ್ರಾಯ್ತು" ಅಂದಳು.

ಟೇಪು ಸುತ್ತಿದ ಏಣಿ ನಾನು ಹತ್ತಿದಷ್ಟೂ ಬೆಳೆಯಿತು. ಆಟ ಮಾಡಿದವರು ಇದನ್ನ ಎಣಿಸಿರಲಿಕ್ಕಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಗೊಂಬೆ ಗೋಪುರದ ತುದಿಯಲ್ಲಿ ನಿಂತಿತ್ತು, ಒಂದೇ. ಪರದೆ ಕಪ್ಪಾಗಿ ಅದರ ಮೇಲೆ ಒಂದೆರಡು ಸಾಲು ಬಂತು, ಜಪಾನಿನ ಅಕ್ಷರ. ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು.

"ಏನಂತಮ್ಮಿ ಬರ್ದಿರಾದು?"

"ಗೊತ್ತಾಯ್ತಿಲ್ಲಕ್ಕ."

"ಚೆನ್ನಾಗ್ ಆಡುದ್ರಿ ಅಂತ ಇರ್ತದೆ ಬುಡು."

ಆಮೇಲೆ ಆಟ ತಾನಾಗೇ ಒಂದನೇ ಅಂತಸ್ತಿಗೆ ಹೋಯಿತು. ಅಕ್ಕ ವೈರು ಬಿಚ್ಚಿ, ಗೇಮನ್ನ ಒಂದು ಟವೆಲಿನಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದಳು. ಸಂಜೆ ಕೆಲಮಂಗಲದ ಬಸ್ಸಿಗೆ ಗಂಟು ನಾನೇ ಹತ್ತಿಸಿದೆ. ನನ್ನ ಶೋಕೇಸಿನಲ್ಲಿರುವ ಎಲ್ಲಾ ಸಾಮಾನಿಗೂ ಮೊದಲನೆಯದು ಅದು. ಆಮೇಲೆ ಬಂದವೆಲ್ಲ ಅದರ ಪಕ್ಕಕ್ಕೆ ಬಂದವು.

ಊರಿಗೆ ಹೋದಾಗ ಸಂತೆಯಲ್ಲಿ ಒಂದೆರಡು ಸಲ ಸಿಕ್ಕಿದ್ದಳು. ಕೈ ಹೇಗಿದೆ ಅಂದರೆ ಮಾತು ಮರೆಸಿ "ಇನ್ನೂ ಆಡ್ತೀಯಾ?" ಅಂತ ಕೇಳುತ್ತಿದ್ದಳು. ಹೋದ ವರ್ಷ ಅದೇ ಸಂತೆಯಲ್ಲಿ ಅವಳ ತಮ್ಮ ಸಿಕ್ಕಿದ. "ಅಕ್ಕ ಓಗ್ಬುಟ್ಳು ಕಣಮ್ಮ, ಜ್ವರ ಬಂದಿತ್ತು" ಅಂದ. ಯಾವಾಗ ಅಂದೆ. ಹೇಳಿದ. ಆಗಲೇ ಬಹಳ ತಿಂಗಳು ಆಗಿತ್ತು. ಹೌದಾ ಅಂದೆ. ಬದನೆಕಾಯಿ ತಗೊಂಡೆ, ಬಸ್ಸು ಹತ್ತಿದೆ, ಮನೆಗೆ ಬಂದು ಸಾರು ಮಾಡಿದೆ. ಅಳು ಬರಬೇಕಿತ್ತು. ಬರಲಿಲ್ಲ. ಈಗಲೂ ಬಂದಿಲ್ಲ...

ಹೊಸ ಏಣಿ ಆಟ ಬಂದ ದಿನ ಮಗಳನ್ನ ಬೇಡಿಕೊಂಡು ಪಕ್ಕಕ್ಕೆ ಕೂರಿಸಿಕೊಂಡೆ. ಏಣಿ ಹಿಡಿಯೋದು ನಾನು, ಹತ್ತೋದು ಅವಳು. ಎರಡನೇ ಅಂತಸ್ತಿನಲ್ಲೇ ಅವಳ ಗೊಂಬೆ ಬಿತ್ತು. ಮತ್ತೆ ಬಿತ್ತು. "ನಿನ್ ಕೈಯಲ್ಲಾಗಲ್ಲ ಬಿಡಮ್ಮ" ಅಂತ ಎದ್ದು ಹೋದಳು. ಈಗಿನ ಆಟದಲ್ಲಿ ಒಬ್ಬರೇ ಇದ್ದರೂ ನಡೆಯುತ್ತದೆ, ಇನ್ನೊಬ್ಬರ ಬದಲು ಮಿಷನ್ನೇ ಏಣಿ ಹಿಡಿಯುತ್ತದೆ. ಅದು ಬೀಳಿಸೋದೇ ಇಲ್ಲ, ಮಾತೂ ಆಡಲ್ಲ. ತುದಿಗೆ ಹೋದೆ. ಬೇಕು ಅಂತಲೇ ಹಗ್ಗ ಬಿಡದೆ ಆ ಇನ್ನೊಂದು ಗೊಂಬೆಯನ್ನ ಕೆಳಗೇ ಬಿಟ್ಟು ಹೋದೆ, ಅವತ್ತಿನ ಹಾಗೆ. ಪರದೆ ಕಪ್ಪಾಯಿತು. ಅದೇ ಸಾಲುಗಳು, ಈ ಸಲ ಇಂಗ್ಲಿಷಿನಲ್ಲಿ. ಕೆಳಗೆ ಒಬ್ಬರು ಇನ್ನೂ ಕಾಯುತ್ತಿದ್ದಾರೆ, ಅವರನ್ನೂ ಕರೆದುಕೊಂಡು ಬನ್ನಿ ಅಂತ ಬರೆದಿತ್ತು.

ಆಫ್ ಮಾಡಿದೆ. ಕಂಟ್ರೋಲರನ್ನ ನಮ್ಮ ಮನೆಯವರ ಕೈಗೆ ಕೊಟ್ಟು "ಇದರ ಗುಂಡಿ ಸರಿ ಇಲ್ಲ, ಸ್ವಲ್ಪ ಬಿಚ್ಚಿ ನೋಡಿ" ಅಂದೆ. ಕನ್ನಡಕ ಹಾಕಿಕೊಂಡು ಕೂತು ಬಿಚ್ಚಿದರು, ಊದಿದರು, ಒತ್ತಿ ಒತ್ತಿ ನೋಡಿದರು.

"ಚೆನ್ನಾಗೇ ಐತಲ್ಲ. ಏನೂ ಓಗಿಲ್ಲ ಇದ್ರಲ್ಲಿ."

ಅಕ್ಕನಿಗೆ ನಾನು ಹೇಳಿದ್ದೂ ಅದೇ ಮಾತು. ಅವಳು ಯಾಕೆ ಒಲೆ ಹತ್ತಿರ ಎದ್ದು ಹೋದಳು ಅಂತ ಈಗ ಗೊತ್ತಾಯಿತು. ನಾನೂ ಎದ್ದು ಅಡುಗೆಮನೆಗೆ ಹೋದೆ.

ನಾಳೆ ಮೊದಲನೇ ಶಿಫ್ಟ್. ನನ್ನ ಕುರ್ಚಿಗೆ ಎದುರು ಶಿಫ್ಟಿನಲ್ಲಿ ಬರೋಳು ಉತ್ತರದ ಕಡೆಯ ಹುಡುಗಿ. ಅವಳ ಭಾಷೆ ನನಗೆ ಬರಲ್ಲ, ನಮ್ಮ ಮೂರು ಭಾಷೆಯಲ್ಲಿ ಒಂದೂ ಅವಳಿಗೆ ಬರಲ್ಲ. ಕುರ್ಚಿ ಬಿಡುವಾಗ ಇಬ್ಬರೂ ನಗುತ್ತೀವಿ, ಅಷ್ಟೆ. ಪಿನ್ನು ನಿನ್ನ ಪಾಲು ಅಂತ ಅವಳಿಗೆ ಹೇಳೋದು ಹೇಗೆ? ಹೇಳಿದರೂ, ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನಾನು ನೋಡಿದ್ದೀನಿ.

ನಲ್ಲಿ ತಿರುಗಿಸಿ ಬಲಗೈ ಹಿಡಿದೆ. ಹೆಬ್ಬೆರಳ ಮೇಲೆ ನೀರು ಬೀಳೋದು ಕಾಣುತ್ತಿತ್ತು. ತಣ್ಣಗಿದೆಯೋ ಬೆಚ್ಚಗಿದೆಯೋ ತಿಳಿಯಲಿಲ್ಲ. ಯಾವಾಗಿಂದ ಹೀಗೆ ಅಂತಲೂ ತಿಳಿಯಲಿಲ್ಲ. ಇದನ್ನ ಬಿಡಿಸಿ ಹೇಳದೆಯೇ ಅರ್ಥ ಮಾಡಿಕೊಳ್ಳುವವಳು ಒಬ್ಬಳಿದ್ದಳು. ಅವಳು ಈಗ ಇಲ್ಲ.